ನದಿಯ ಪಾಠ, ಜನರ ಪಾಠ: ಒಂದೇ ಪುಸ್ತಕದಲ್ಲಿ ಯಾಕೆ?

ಪ್ರಿಯ ಓದುಗರೆ,

ನಿಮ್ಮ ಪತ್ರ ತಲುಪಿತು. ಉಳಿದ ಓದುಗರಿಗಾಗಿ ಅದರ ಸಾರವನ್ನು ಮೊದಲು ಹೇಳಿಬಿಡುತ್ತೇನೆ. ನಿಮ್ಮ ಮಗಳು ಒಂಬತ್ತನೇ ತರಗತಿ. ಭೂಗೋಳ ಅಂದರೆ ಅವಳಿಗೆ ಬೇಸರ. ಪುಸ್ತಕದ ಅರ್ಧ ಭಾಗದಲ್ಲಿ ಬೆಟ್ಟ, ನದಿ, ಗಾಳಿ, ಕಲ್ಲು. ಇನ್ನರ್ಧದಲ್ಲಿ ಜನಸಂಖ್ಯೆ, ಬೆಳೆ, ಕಾರ್ಖಾನೆ, ನಗರ. ಎರಡಕ್ಕೂ ಏನು ಸಂಬಂಧ ಎಂದು ಅವಳು ಕೇಳಿದಾಗ ನಿಮಗೂ ಉತ್ತರ ಹೊಳೆಯಲಿಲ್ಲ. ಹೆಸರುಗಳನ್ನೆಲ್ಲ ಫೋನೇ ಹೇಳುವ ಕಾಲದಲ್ಲಿ ಬಾಯಿಪಾಠ ಯಾಕೆ ಎಂದು ಕೇಳಿದ್ದೀರಿ. ನೆಲ ಚೆನ್ನಾಗಿರುವ ದೇಶ ಶ್ರೀಮಂತ, ಇಲ್ಲದ ದೇಶ ಬಡ, ಭೂಗೋಳದ ಸಾರ ಇಷ್ಟೇ ಅಲ್ವಾ ಎಂದೂ ಕೇಳಿದ್ದೀರಿ. ಕೊನೆಗೆ, ಮನೆಯಲ್ಲಿರುವ 1985ರ ಅಟ್ಲಾಸ್ ಅವಳ ಓದಿಗೆ ಸಾಕಾಗುತ್ತದೆಯೇ ಎಂಬ ಪ್ರಶ್ನೆ ಇದೆ.

ಹೆಸರುಗಳ ವಿಷಯ ಬೇಗ ಮುಗಿಸೋಣ. ಸ್ವಲ್ಪ ಹೆಸರು ಗೊತ್ತಿರಲೇಬೇಕು. ನೈಲ್ ನದಿ ಆಫ್ರಿಕಾದಲ್ಲಿದೆ, ದಕ್ಷಿಣದಿಂದ ಉತ್ತರಕ್ಕೆ ಹರಿಯುತ್ತದೆ ಎಂಬಷ್ಟೂ ತಿಳಿಯದಿದ್ದರೆ ಮುಂದೆ ನಾನು ಹೇಳುವುದು ತಲೆಗೆ ಹೋಗುವುದಿಲ್ಲ. ಆದರೆ ಎಲ್ಲಿದೆ ಎಂದು ತಿಳಿದಾಗ ಪಾಠ ಮುಗಿಯುವುದಿಲ್ಲ, ಶುರುವಾಗುತ್ತದೆ. ಅಲ್ಲೇ ಯಾಕೆ? ಪಕ್ಕದಲ್ಲಿ ಯಾಕಿಲ್ಲ? ಈ ಎರಡು ಪ್ರಶ್ನೆ ಕೇಳುವುದೇ ಭೂಗೋಳ ಎಂದು ನಾನು ನಂಬಿದ್ದೇನೆ. ಕೇಳುತ್ತಾ ಹೋದರೆ ನಿಮ್ಮ ಮಗಳ ಪುಸ್ತಕದ ಎರಡು ಭಾಗಗಳೂ ತಾವಾಗಿಯೇ ಕೂಡಿಕೊಳ್ಳುತ್ತವೆ. ನೈಲ್ ನದಿಯನ್ನೇ ಹಿಡಿದು ತೋರಿಸುತ್ತೇನೆ.

ಈಜಿಪ್ಟಿನ ಜನಸಾಂದ್ರತೆಯ ನಕಾಶೆ ನೋಡಿ. ದೇಶದಲ್ಲಿ ಹತ್ತು ಕೋಟಿಗೂ ಹೆಚ್ಚು ಜನ. ಅವರಲ್ಲಿ ನೂರಕ್ಕೆ ಸುಮಾರು 95 ಜನ ಇರುವುದು ದೇಶದ ನೂರಕ್ಕೆ ಐದರಷ್ಟು ನೆಲದಲ್ಲಿ. ನಕಾಶೆಯಲ್ಲಿ ಅದು ಒಂದು ಸಣ್ಣ ಪಟ್ಟಿ. ಪಟ್ಟಿಯ ಉದ್ದಕ್ಕೂ ನದಿ, ಎರಡೂ ಕಡೆ ಖಾಲಿ ಮರಳು. ಜನ ಹೀಗೆ ಒತ್ತಿಕೊಂಡು ಬದುಕುವುದು ಮಾನವ ಭೂಗೋಳದ ಪಾಠ. ಅದಕ್ಕೆ ಕಾರಣ ಹುಡುಕಲು ಹೊರಟರೆ ಮಾತ್ರ ಆಕಾಶ ನೋಡಬೇಕಾಗುತ್ತದೆ.

ಸಮಭಾಜಕ ವೃತ್ತದ ಹತ್ತಿರ ಬಿಸಿಲು ನೇರವಾಗಿ ಬೀಳುತ್ತದೆ. ಅಲ್ಲಿನ ಗಾಳಿ ಬಿಸಿಯಾಗಿ ಮೇಲೇರುತ್ತದೆ, ಮೇಲೆ ತಣ್ಣಗಾಗಿ ತನ್ನಲ್ಲಿದ್ದ ತೇವವನ್ನೆಲ್ಲ ಮಳೆಯಾಗಿ ಸುರಿಸುತ್ತದೆ. ಆಮೇಲೆ ಆ ಒಣಗಾಳಿ ಉತ್ತರಕ್ಕೂ ದಕ್ಷಿಣಕ್ಕೂ ಸಾಗಿ, ಹೆಚ್ಚೂಕಡಿಮೆ 30 ಡಿಗ್ರಿ ಅಕ್ಷಾಂಶದ ಸುತ್ತ ಕೆಳಗಿಳಿಯುತ್ತದೆ. ಇಳಿಯುವ ಗಾಳಿ ಮತ್ತೆ ಬಿಸಿಯಾಗುತ್ತದೆ. ಬಿಸಿಯಾಗುತ್ತಿರುವ ಗಾಳಿಯಲ್ಲಿ ಮೋಡ ಕಟ್ಟುವುದಿಲ್ಲ. ಸಹಾರಾ, ಅರೇಬಿಯಾ, ಕಲಹರಿ, ಆಸ್ಟ್ರೇಲಿಯಾದ ಮರುಭೂಮಿಗಳು ಎಲ್ಲಿವೆ ಎಂದು ಅಟ್ಲಾಸಿನಲ್ಲಿ ಬೆರಳಿಟ್ಟು ನೋಡಿ. ಸಮಭಾಜಕದ ಮೇಲೊಂದು ಕೆಳಗೊಂದು ಸಾಲು ಕಾಣುತ್ತದೆ. ಕೈರೋ ನಗರ ಸರಿಯಾಗಿ 30 ಡಿಗ್ರಿಯಲ್ಲಿದೆ. ಅಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 25 ಮಿಲಿಮೀಟರ್ ಮಾತ್ರ.

ಹಾಗಾದರೆ ನದಿಗೆ ನೀರು ಎಲ್ಲಿಂದ? ದೂರದ ದಕ್ಷಿಣದಿಂದ. ಒಂದು ಕವಲು ವಿಕ್ಟೋರಿಯಾ ಸರೋವರದ ಕಡೆಯಿಂದ ಬರುತ್ತದೆ. ಇನ್ನೊಂದು ಇಥಿಯೋಪಿಯಾದ ಎತ್ತರದ ಸೀಮೆಯಿಂದ, ತಾನಾ ಸರೋವರದಿಂದ ಇಳಿಯುತ್ತದೆ. ಎರಡೂ ಸುಡಾನಿನ ಖಾರ್ಟೂಮಿನಲ್ಲಿ ಸೇರುತ್ತವೆ. ಇಥಿಯೋಪಿಯಾದಲ್ಲಿ ಜೂನಿನಿಂದ ಸೆಪ್ಟೆಂಬರ್‌ವರೆಗೆ ಜೋರು ಮಳೆ. ಆ ಮಳೆ ಬೆಟ್ಟದ ಮಣ್ಣನ್ನೂ ಹೊತ್ತು ತರುತ್ತಿತ್ತು. ಮಳೆಯೇ ಅಪರೂಪವಾದ ಈಜಿಪ್ಟಿನಲ್ಲಿ, ಬೇಸಿಗೆಯ ನಡುವೆ ನದಿ ಉಕ್ಕಿ, ಹೊಲಗಳ ಮೇಲೆ ಹೊಸ ಮೆಕ್ಕಲು ಮಣ್ಣು ಹರಡಿ ಹಿಂದೆ ಸರಿಯುತ್ತಿತ್ತು. ಜನ ಸಾವಿರಾರು ವರ್ಷ ಇದನ್ನು ನಂಬಿ ಬಿತ್ತಿದರು, ಬೆಳೆದರು. ಎಷ್ಟು ನೀರು ಬಂತು ಎಂದು ಅಳತೆಗಲ್ಲು ನೆಟ್ಟು ಗುರುತು ಹಾಕಿದರು, ಆ ಲೆಕ್ಕ ನೋಡಿ ಆಳುವವರು ಕಂದಾಯ ಕಟ್ಟಿಸಿಕೊಂಡರು. ಗಾಳಿಯ ಪಾಠದಿಂದ ಹೊರಟವರು ಸರ್ಕಾರದ ಖಜಾನೆಗೆ ಬಂದು ನಿಂತೆವು ನೋಡಿ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ, ಮಗಳಿಗೆ ಖಂಡಿತ ಇಷ್ಟವಾಗುವ ಸಂಗತಿ ಇದು. ಕ್ರಿಸ್ತಪೂರ್ವ ಮೂರನೇ ಶತಮಾನದಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾದ ಗ್ರಂಥಾಲಯ ನೋಡಿಕೊಳ್ಳುತ್ತಿದ್ದ ಎರಟೋಸ್ಥೆನೀಸ್ ಭೂಮಿಯ ಸುತ್ತಳತೆ ಲೆಕ್ಕ ಹಾಕಿದ. ಜೂನ್ ತಿಂಗಳಲ್ಲಿ ಹಗಲು ಅತಿ ಉದ್ದವಾಗಿರುವ ದಿನ, ನಡುಮಧ್ಯಾಹ್ನ, ನೈಲ್ ದಡದ ಸಿಯೀನ್ ಊರಿನಲ್ಲಿ ನೆರಳು ಬೀಳುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಅದೇ ಹೊತ್ತಿಗೆ ಅಲೆಕ್ಸಾಂಡ್ರಿಯಾದಲ್ಲಿ ನೆರಳು ಬೀಳುತ್ತಿತ್ತು. ನೆರಳಿನ ಕೋನ ಪೂರ್ತಿ ವೃತ್ತದ ಐವತ್ತನೇ ಒಂದು ಭಾಗ ಎಂದು ಕಂಡುಕೊಂಡ. ಅಂದರೆ ಎರಡು ಊರಿನ ನಡುವಿನ ದೂರವನ್ನು ಐವತ್ತರಿಂದ ಗುಣಿಸಿದರೆ ಭೂಮಿಯ ಸುತ್ತಳತೆ! ಇಂದು ನಮಗೆ ಗೊತ್ತಿರುವ ಸುಮಾರು 40,000 ಕಿಲೋಮೀಟರಿಗೆ ಅವನ ಲೆಕ್ಕ ಹತ್ತಿರವೇ ಇತ್ತು. ಒಂದು ನೆರಳು, ಒಂದು ದೂರ, ಅಷ್ಟು ಸಾಕಾಯಿತು.

ಆ ಸಿಯೀನ್ ಊರೇ ಇಂದಿನ ಅಸ್ವಾನ್. 1970ರಲ್ಲಿ ಅಲ್ಲಿ ದೊಡ್ಡ ಅಣೆಕಟ್ಟು ಮುಗಿಯಿತು. ನೆರೆ ನಿಂತಿತು, ವರ್ಷವಿಡೀ ನೀರು ಸಿಕ್ಕಿತು, ವಿದ್ಯುತ್ ಬಂತು. ಬರಗಾಲದ ವರ್ಷಗಳಲ್ಲಿ ದೇಶ ಬದುಕಿಕೊಂಡಿತು. ಜೊತೆಗೆ ಮೆಕ್ಕಲು ಮಣ್ಣೂ ಅಣೆಕಟ್ಟಿನ ಹಿಂದೆಯೇ ನಿಂತುಬಿಟ್ಟಿತು. ರೈತರಿಗೆ ಗೊಬ್ಬರ ಕೊಳ್ಳದೆ ವಿಧಿಯಿರಲಿಲ್ಲ. ನದಿ ಸಮುದ್ರ ಸೇರುವಲ್ಲಿನ ಮುಖಜ ಭೂಮಿಗೆ ಹೊಸ ಮಣ್ಣು ಬಾರದೆ, ಅದನ್ನು ಸಮುದ್ರ ಅಂಚಿನಿಂದ ತಿನ್ನತೊಡಗಿತು. ಅಣೆಕಟ್ಟಿನ ಹಿಂದಿನ ನ್ಯೂಬಿಯಾ ಸೀಮೆಯ ಸಾವಿರಾರು ಕುಟುಂಬಗಳು ಮುಳುಗಿದ ಊರು ಬಿಟ್ಟು ಹೊರಟವು. ಜನರ ತೀರ್ಮಾನ ಒಂದು ನದಿಯ ಸ್ವಭಾವವನ್ನೇ ಬದಲಿಸಿತು, ಬದಲಾದ ನದಿ ಮತ್ತೆ ಜನರ ಬದುಕನ್ನು ಬದಲಿಸಿತು.

ಕಥೆ ಅಲ್ಲಿಗೂ ನಿಲ್ಲಲಿಲ್ಲ. 1959ರಲ್ಲಿ ಈಜಿಪ್ಟ್ ಮತ್ತು ಸುಡಾನ್ ನೈಲ್ ನೀರನ್ನು ಹಂಚಿಕೊಂಡು ಒಪ್ಪಂದ ಮಾಡಿಕೊಂಡಿದ್ದವು. ಹೆಚ್ಚಿನ ನೀರು ಹುಟ್ಟುವ ಇಥಿಯೋಪಿಯಾಕ್ಕೆ ಅದರಲ್ಲಿ ಪಾಲೇ ಇರಲಿಲ್ಲ. ಅದು 2011ರಲ್ಲಿ ತನ್ನ ನೆಲದಲ್ಲೇ ಭಾರಿ ಅಣೆಕಟ್ಟು ಕಟ್ಟಲು ಆರಂಭಿಸಿತು. 2025ರಲ್ಲಿ ಅದರ ಉದ್ಘಾಟನೆಯೂ ಆಯಿತು. ಕೆಳಗಿನ ದೇಶಕ್ಕೆ ಆತಂಕ, ಮೇಲಿನ ದೇಶಕ್ಕೆ ಕತ್ತಲೆಯಲ್ಲಿರುವ ಕೋಟ್ಯಂತರ ಜನರ ಚಿಂತೆ. ಇದರಲ್ಲಿ ಎಲ್ಲಿಯವರೆಗೆ ಪ್ರಾಕೃತಿಕ ಭೂಗೋಳ, ಎಲ್ಲಿಂದ ಮಾನವ ಭೂಗೋಳ ಎಂದು ಗೆರೆ ಎಳೆಯಲು ಮಗಳಿಗೆ ಹೇಳಿ. ಎಳೆಯಲು ಹೊರಟಾಗಲೇ ಅವಳ ಪ್ರಶ್ನೆಗೆ ಉತ್ತರ ಸಿಗುತ್ತದೆ.

ಪ್ರಾಕೃತಿಕ ಭಾಗ ಓದುವಾಗ ಒಂದು ಸಲಹೆ. ಅಷ್ಟೊಂದು ಅಧ್ಯಾಯಗಳಿದ್ದರೂ ಕೆಲಸ ಮಾಡುವ ಶಕ್ತಿಗಳು ಕೆಲವೇ. ಮೇಲಿನಿಂದ ಬಿಸಿಲು, ಒಳಗಿನಿಂದ ಭೂಮಿಯ ಕಾವು, ಎಲ್ಲವನ್ನೂ ಕೆಳಕ್ಕೆಳೆಯುವ ಗುರುತ್ವ. ಬಿಸಿಲು ಗಾಳಿಯನ್ನೂ ಮಳೆಯನ್ನೂ ನಡೆಸುತ್ತದೆ. ಒಳಗಿನ ಕಾವು ಭೂಮಿಯ ಹೊರಪದರದ ದೊಡ್ಡ ತುಂಡುಗಳಾದ ಭೂಫಲಕಗಳನ್ನು ವರ್ಷಕ್ಕೆ ಕೆಲವು ಸೆಂಟಿಮೀಟರಿನಷ್ಟು ಸರಿಸುತ್ತಾ ಪರ್ವತ ಎಬ್ಬಿಸುತ್ತದೆ. ಗುರುತ್ವ ನೀರಿನ ಜೊತೆ ಸೇರಿ ಆ ಪರ್ವತವನ್ನು ಮತ್ತೆ ಕೊರೆದು ಸಮುದ್ರಕ್ಕೆ ಸಾಗಿಸುತ್ತದೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಉಳಿದದ್ದು ಹಿಂದೆಯೇ ಬರುತ್ತದೆ. ಇನ್ನೊಂದು ಮಾತು: ಭೂಮಿ ಸೂರ್ಯನಿಗೆ ಹತ್ತಿರವಾದಾಗ ಬೇಸಿಗೆ ಎಂದು ತುಂಬಾ ಮಕ್ಕಳು ತಿಳಿದಿರುತ್ತಾರೆ. ಭೂಮಿ ಸೂರ್ಯನಿಗೆ ಅತಿ ಹತ್ತಿರ ಬರುವುದು ಜನವರಿ ಮೊದಲ ವಾರದಲ್ಲಿ, ಉತ್ತರಾರ್ಧದಲ್ಲಿ ಚಳಿ ಇರುವಾಗ. ಋತುಗಳಿಗೆ ಕಾರಣ ಭೂಮಿಯ ಅಕ್ಷದ 23.5 ಡಿಗ್ರಿ ಓರೆ. ಒಂದು ಟಾರ್ಚು, ಒಂದು ಚೆಂಡು ಇದ್ದರೆ ಮನೆಯಲ್ಲೇ ತೋರಿಸಬಹುದು.

ಈಗ ನಿಮ್ಮ ಮೂರನೇ ಪ್ರಶ್ನೆ. ನನಗೆ ಇದೇ ಮುಖ್ಯ. ನೆಲ ಹೇಗೋ ಹಾಗೇ ಜನರ ಹಣೆಬರಹ ಎಂಬ ಮಾತು ಹಳೆಯದು. ನೂರು ವರ್ಷದ ಹಿಂದೆ ದೊಡ್ಡ ದೊಡ್ಡ ವಿದ್ವಾಂಸರೇ ಹೀಗೆ ಬರೆಯುತ್ತಿದ್ದರು. ಸೆಕೆಯ ನಾಡಿನವರು ಸೋಮಾರಿಗಳು, ಚಳಿ ನಾಡಿನವರು ಚುರುಕು ಎಂದರು. ಬೇರೆಯವರ ದೇಶಗಳನ್ನು ಆಳುತ್ತಿದ್ದವರಿಗೆ ಆ ವಾದ ತುಂಬಾ ಅನುಕೂಲವಾಗಿತ್ತು. ಫ್ರಾನ್ಸಿನ ಭೂಗೋಳಜ್ಞ ಪಾಲ್ ವಿಡಾಲ್ ದ ಲಾ ಬ್ಲಾಶ್ ಬೇರೆ ದಾರಿ ತೋರಿಸಿದರು. ನಿಸರ್ಗ ಹಲವು ಸಾಧ್ಯತೆಗಳನ್ನು ಮುಂದಿಡುತ್ತದೆ, ಯಾವುದನ್ನು ಹೇಗೆ ಬಳಸಬೇಕು ಎಂಬುದು ಜನರ ಕೈಯಲ್ಲಿದೆ ಎಂಬುದು ಅವರ ನಿಲುವು. ನನ್ನ ಒಲವೂ ಆ ಕಡೆಗೇ.

2010ರ ಎರಡು ಭೂಕಂಪಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಜನವರಿ 12ರಂದು ಹೈಟಿಯಲ್ಲಿ 7.0 ತೀವ್ರತೆಯ ಭೂಕಂಪ. ಫೆಬ್ರವರಿ 27ರಂದು ಚಿಲಿಯಲ್ಲಿ 8.8. ಅಂಕಿಯಲ್ಲಿ ವ್ಯತ್ಯಾಸ ಸಣ್ಣದಾಗಿ ಕಂಡರೂ ಎರಡನೆಯದರಲ್ಲಿ ಹೊರಬಿದ್ದ ಶಕ್ತಿ ಸುಮಾರು 500 ಪಟ್ಟು. ಚಿಲಿಯಲ್ಲಿ ಸತ್ತವರು ಐನೂರಕ್ಕೆ ಸ್ವಲ್ಪ ಜಾಸ್ತಿ. ಹೈಟಿಯಲ್ಲಿ ಅತಿ ಕಡಿಮೆ ಅಂದಾಜು ಕೂಡ ಹತ್ತಾರು ಸಾವಿರ, ಸರ್ಕಾರದ ಲೆಕ್ಕ ಅದಕ್ಕೂ ಎಷ್ಟೋ ಹೆಚ್ಚು.

ಇದರಲ್ಲಿ ನೆಲದ ಪಾತ್ರವೂ ಇದೆ, ಅದನ್ನು ಮುಚ್ಚಿಡಬಾರದು. ಹೈಟಿಯ ಕಂಪನ ಮೇಲ್ಮೈಗೆ ಹತ್ತಿರ, ರಾಜಧಾನಿಯಿಂದ ಸುಮಾರು 25 ಕಿಲೋಮೀಟರ್ ದೂರದಲ್ಲಿ ಹುಟ್ಟಿತು. ಚಿಲಿಯದು ಕರಾವಳಿಯಾಚೆ ಕಡಲಿನಡಿ ಹುಟ್ಟಿತು. ಆದರೆ ಉಳಿದ ಕಾರಣಗಳು ಮನುಷ್ಯರವು. ಚಿಲಿ 1960ರಲ್ಲಿ 9.5 ತೀವ್ರತೆಯ ಭೂಕಂಪ ಕಂಡ ದೇಶ. ಇದುವರೆಗೆ ಅಳೆದವುಗಳಲ್ಲಿ ಅದೇ ಅತಿ ದೊಡ್ಡದು. ಕಟ್ಟಡಗಳು ಹೇಗಿರಬೇಕೆಂಬ ನಿಯಮ ಅಲ್ಲಿ ಬಿಗಿಯಾಗಿತ್ತು, ಪಾಲನೆಯೂ ಇತ್ತು. ಹೈಟಿಯ ರಾಜಧಾನಿ ಅಂಥ ಭೂಕಂಪ ಕಂಡು ಇನ್ನೂರು ವರ್ಷಕ್ಕೂ ಹೆಚ್ಚಾಗಿತ್ತು. ಬಡ ಜನ ಕಡಿಮೆ ಕಬ್ಬಿಣ, ಕಡಿಮೆ ಸಿಮೆಂಟಿನಲ್ಲಿ ಒತ್ತೊತ್ತಾಗಿ ಮನೆ ಕಟ್ಟಿಕೊಂಡಿದ್ದರು. ಬಡತನ ಯಾಕೆ ಎಂದು ಕೇಳಿದರೆ ಮತ್ತೆ ಇತಿಹಾಸಕ್ಕೆ ಹೋಗಬೇಕು. ಗುಲಾಮರು ದಂಗೆಯೆದ್ದು 1804ರಲ್ಲಿ ಫ್ರಾನ್ಸಿನ ಆಳ್ವಿಕೆಯಿಂದ ಸ್ವತಂತ್ರಗೊಳಿಸಿದ ದೇಶ ಅದು. 1825ರಲ್ಲಿ ಫ್ರಾನ್ಸ್ ಯುದ್ಧನೌಕೆ ನಿಲ್ಲಿಸಿ 15 ಕೋಟಿ ಫ್ರಾಂಕ್ ಪರಿಹಾರ ಕೇಳಿತು. ಯಾರಿಗೆ ಪರಿಹಾರ? ತೋಟ ಮತ್ತು ಗುಲಾಮರನ್ನು ಕಳೆದುಕೊಂಡ ಮಾಲೀಕರಿಗೆ. ಅದಕ್ಕಾಗಿ ಮಾಡಿದ ಸಾಲ ತೀರಲು 1947 ಬರಬೇಕಾಯಿತು. ಅಷ್ಟೂ ಸಾವುಗಳ ಲೆಕ್ಕವನ್ನು ಭೂಫಲಕಗಳ ಹೆಸರಿಗೆ ಬರೆದು ಸುಮ್ಮನಾಗುವುದು ನನ್ನಿಂದ ಆಗುವುದಿಲ್ಲ.

ಕೊರಿಯಾ ಇನ್ನೊಂದು ಸಾಕ್ಷಿ. ಒಂದೇ ಪರ್ಯಾಯ ದ್ವೀಪ, ಒಂದೇ ಭಾಷೆ. 1945ರಲ್ಲಿ 38 ಡಿಗ್ರಿ ಅಕ್ಷಾಂಶದ ಮೇಲೆ ಗೆರೆ ಎಳೆದರು. ಇಂದು ರಾತ್ರಿ ಹೊತ್ತು ಉಪಗ್ರಹದಿಂದ ತೆಗೆದ ಚಿತ್ರದಲ್ಲಿ ದಕ್ಷಿಣ ಬೆಳಗುತ್ತದೆ, ಉತ್ತರ ಬಹುತೇಕ ಕಪ್ಪು. ಆ ವ್ಯತ್ಯಾಸಕ್ಕೆ ಬೆಟ್ಟವನ್ನಾಗಲಿ ಮಳೆಯನ್ನಾಗಲಿ ದೂರಲಾಗದು.

ಅಟ್ಲಾಸ್ ಬಗ್ಗೆ ಹೇಳುವ ಮೊದಲು ನಕಾಶೆಯ ಕುರಿತು ಒಂದು ಎಚ್ಚರಿಕೆ. ಉರುಟಾದ ಭೂಮಿಯನ್ನು ಚಪ್ಪಟೆ ಹಾಳೆಗೆ ತರುವಾಗ ಆಕಾರ, ಅಳತೆ, ದಿಕ್ಕು, ದೂರ ಎಲ್ಲವನ್ನೂ ಒಟ್ಟಿಗೆ ಉಳಿಸಿಕೊಳ್ಳಲು ಆಗುವುದಿಲ್ಲ. ಮರ್ಕೇಟರ್ 1569ರಲ್ಲಿ ನಾವಿಕರಿಗಾಗಿ ಮಾಡಿದ ನಕಾಶೆಯಲ್ಲಿ ದಿಕ್ಕು ಸರಿ ಇದೆ, ಅಳತೆ ಇಲ್ಲ. ಅದರಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತದೆ. ನಿಜದಲ್ಲಿ ಆಫ್ರಿಕಾ ಅದರ 14 ಪಟ್ಟು. ಮನೆಯಲ್ಲಿ ಒಂದು ಗ್ಲೋಬ್ ಇರಲಿ.

ನಿಮ್ಮ 1985ರ ಅಟ್ಲಾಸಿನ ರಾಜಕೀಯ ನಕಾಶೆಗಳು ಹಳತಾಗಿವೆ. ಅದರಲ್ಲಿ ಸೋವಿಯತ್ ಒಕ್ಕೂಟ ಇರುತ್ತದೆ, ಯುಗೋಸ್ಲಾವಿಯ ಇರುತ್ತದೆ, 2011ರಲ್ಲಿ ಹುಟ್ಟಿದ ದಕ್ಷಿಣ ಸುಡಾನ್ ಇರುವುದಿಲ್ಲ. ಪ್ರಾಕೃತಿಕ ನಕಾಶೆಗಳನ್ನು ಧಾರಾಳವಾಗಿ ಬಳಸಿ. ಅಟ್ಲಾಂಟಿಕ್ ಸಾಗರ ವರ್ಷಕ್ಕೆ ಎರಡು ಮೂರು ಸೆಂಟಿಮೀಟರ್ ಅಗಲವಾಗುತ್ತಿದೆ. ನಲವತ್ತು ವರ್ಷಕ್ಕೆ ಸುಮಾರು ಒಂದು ಮೀಟರ್, ಯಾವ ಅಟ್ಲಾಸಿನಲ್ಲೂ ಅದು ಕಾಣುವುದಿಲ್ಲ.

ಒಂದು ಪುಟದಲ್ಲಿ ಮಾತ್ರ ಹುಷಾರಾಗಿರಿ. ಮಧ್ಯ ಏಷ್ಯಾದ ಅರಲ್ ಸಮುದ್ರ. 1960ರಲ್ಲಿ ಅದು ಸುಮಾರು 68,000 ಚದರ ಕಿಲೋಮೀಟರ್ ಹರಡಿದ್ದ, ಪ್ರಪಂಚದ ನಾಲ್ಕನೇ ದೊಡ್ಡ ಸರೋವರ. ಹತ್ತಿ ಬೆಳೆಯಲು ಅಮು ದರಿಯಾ, ಸಿರ್ ದರಿಯಾ ನದಿಗಳ ನೀರನ್ನು ಕಾಲುವೆಗೆ ತಿರುಗಿಸಿದರು. ಸರೋವರ ಕುಗ್ಗಿ, ತುಂಡಾಗಿ, ಬಹುಪಾಲು ಬತ್ತಿಹೋಯಿತು. ಮೀನುಗಾರರ ಊರುಗಳಿಂದ ದಡ ಎಷ್ಟೋ ದೂರ ಸರಿಯಿತು. ಬಯಲಾದ ತಳದಿಂದ ಏಳುವ ಉಪ್ಪು ದೂಳು ಜನರ ಉಸಿರಿಗೆ ಸೇರಿತು. ಉತ್ತರದ ಚಿಕ್ಕ ತುಂಡಿಗೆ ಕಜಕಸ್ತಾನ 2005ರಲ್ಲಿ ಒಡ್ಡು ಕಟ್ಟಿದ ಮೇಲೆ ಅಲ್ಲಿ ನೀರು ಏರಿತು, ಮೀನೂ ಮರಳಿತು. ಹಾಗಾಗಿ ಹಳೆಯ ಅಟ್ಲಾಸನ್ನು ಎಸೆಯಬೇಡಿ. ಹೊಸದೊಂದು ಕೊಂಡು, ಎರಡರಲ್ಲೂ ಆ ಪುಟ ತೆರೆದು ಮಗಳ ಮುಂದಿಡಿ. ಏನೂ ವಿವರಿಸಬೇಡಿ. ಅವಳು ಮೊದಲು ಏನು ಕೇಳಿದಳು ಎಂದು ನಮಗೆ ಬರೆದು ತಿಳಿಸಿ.

ವಿಶ್ವಾಸದಿಂದ,
ಸಂಪಾದಕ