ಗೇಟ್ ಇಲ್ಲದ ಸ್ಟೇಷನ್, ಕಂಡಕ್ಟರ್ ಇಲ್ಲದ ಬಸ್

ಪ್ರಶ್ನೆ: ನಾವು ಗಂಡ ಹೆಂಡತಿ ಬರ್ಲಿನ್‌ನಲ್ಲಿರುವ ಮಗನ ಮನೆಗೆ ಹೊರಟಿದ್ದೇವೆ. ಅವನು ಬೆಳಿಗ್ಗೆ ಕೆಲಸಕ್ಕೆ ಹೋದರೆ ಸಂಜೆಯೇ ಬರುವುದು. ಅಲ್ಲಿ ಮೆಟ್ರೋದಲ್ಲಿ ಗೇಟ್ ಇಲ್ಲ, ಬಸ್ಸಿನಲ್ಲಿ ಕಂಡಕ್ಟರ್ ಇಲ್ಲವಂತೆ. ನಾವಿಬ್ಬರೇ ತಿರುಗಾಡಬಹುದೇ?
— ಓದುಗರು, ಶಿರಸಿ

ಉತ್ತರ: ಖಂಡಿತ ತಿರುಗಾಡಬಹುದು. ಸಂಜೆವರೆಗೆ ಸುಮ್ನೆ ಮನೆಯಲ್ಲಿ ಕೂರಬೇಡಿ.

ಒಂದು ವಿಷಯ ಮಾತ್ರ ಗಟ್ಟಿ ನೆನಪಿಡಿ. ಕಾಗದದ ಟಿಕೆಟ್ ತೆಗೆದುಕೊಂಡರೆ ಸಾಲದು, ಅದಕ್ಕೆ ಮುದ್ರೆ ಬೀಳಬೇಕು. ಪ್ಲಾಟ್‌ಫಾರ್ಮ್‌ನಲ್ಲಿ ಒಂದು ಸಣ್ಣ ಡಬ್ಬ ಇರುತ್ತದೆ, ಅದರ ಬಾಯಿಗೆ ಟಿಕೆಟ್ಟಿನ ತುದಿ ತೂರಿಸಿದರೆ ತಾರೀಖು, ಸಮಯ ಅಚ್ಚಾಗುತ್ತದೆ. ಬಸ್, ಟ್ರಾಮ್‌ಗಳಲ್ಲಿ ಡಬ್ಬ ಒಳಗೇ ಇರುತ್ತದೆ. ನಮ್ಮಲ್ಲಿ ಶಿರಸಿಯಿಂದ ಕುಮಟಾ ಬಸ್ ಹತ್ತಿದರೆ ಕಂಡಕ್ಟರ್ ತಾವೇ ಹತ್ತಿರ ಬರುತ್ತಾರೆ, ಶಕ್ತಿ ಯೋಜನೆಯಲ್ಲಿ ಪುಕ್ಕಟೆ ಹೋಗುವ ಹೆಂಗಸರಿಗೂ ಶೂನ್ಯ ದರದ ಟಿಕೆಟ್ ಕೈಗೆ ಕೊಟ್ಟೇ ಮುಂದೆ ಹೋಗುತ್ತಾರೆ, ಅಲ್ವಾ? ಬರ್ಲಿನ್‌ನಲ್ಲಿ ಆ ಜವಾಬ್ದಾರಿ ಪೂರ್ತಿ ನಮ್ಮದೇ. ಚೆಕಿಂಗ್‌ನವರು ಎಷ್ಟೋ ಸಲ ಯೂನಿಫಾರ್ಮ್ ಇಲ್ಲದೆ ಎಲ್ಲರ ಜೊತೆ ಹತ್ತಿರುತ್ತಾರೆ, ಬಾಗಿಲು ಮುಚ್ಚಿದ ಮೇಲೆ ಟಿಕೆಟ್ ಕೇಳುತ್ತಾರೆ. ಮುದ್ರೆ ಇಲ್ಲದಿದ್ದರೆ ದಂಡ 60 ಯೂರೋ. ಮೊಬೈಲ್‌ನಲ್ಲಿ ತೆಗೆಯುವುದಾದರೆ ಹತ್ತುವ ಮೊದಲೇ ತೆಗೆದಿರಬೇಕು.

ಊರನ್ನು ಎ, ಬಿ, ಸಿ ಅಂತ ಮೂರು ವಲಯ ಮಾಡಿದ್ದಾರೆ. ಊರೊಳಗಿನ ಓಡಾಟಕ್ಕೆ ಎಬಿ ಟಿಕೆಟ್ ಸಾಕು. ವಿಮಾನ ನಿಲ್ದಾಣ ಸಿ ವಲಯದಲ್ಲಿದೆ, ಹಾಗಾಗಿ ಇಳಿದ ದಿನ ಎಬಿಸಿ ತೆಗೆಯಿರಿ. ಒಂದು ಸಲದ ಪ್ರಯಾಣದ ಟಿಕೆಟ್ 2 ಗಂಟೆ ನಡೆಯುತ್ತದೆ. ಅಷ್ಟರೊಳಗೆ ಮೆಟ್ರೋ, ಬಸ್, ಟ್ರಾಮ್ ಎಷ್ಟು ಬೇಕಾದರೂ ಬದಲಿಸಬಹುದು, ಅದೇ ಟಿಕೆಟ್ಟಿನಲ್ಲಿ ವಾಪಸ್ ಬರುವಂತಿಲ್ಲ. ಓಡಾಟ ಜಾಸ್ತಿ ಇರುವ ದಿನ 24 ಗಂಟೆಯ ಟಿಕೆಟ್ ಒಳ್ಳೆಯದು. ತಿಂಗಳುಗಟ್ಟಲೆ ಇರುತ್ತೀರಾ? ಹಾಗಾದರೆ ಮಗನಿಗೆ ಹೇಳಿ ಡಾಯ್ಚ್‌ಲಂಡ್ ಟಿಕೆಟ್ ಅನ್ನುವ ತಿಂಗಳ ಪಾಸ್ ಮಾಡಿಸಿ, ಬೇರೆ ಊರಿನ ಬಸ್, ಲೋಕಲ್ ರೈಲಿಗೂ ಅದು ನಡೆಯುತ್ತದೆ. ಆದರೆ ಅದು ಪ್ರತಿ ತಿಂಗಳು ತಾನೇ ಮುಂದುವರಿಯುತ್ತದೆ. ಹೊರಡುವ ತಿಂಗಳ 10ನೇ ತಾರೀಖಿನೊಳಗೆ ರದ್ದು ಮಾಡದಿದ್ದರೆ ಮುಂದಿನ ತಿಂಗಳ ದುಡ್ಡೂ ಹೋಗುತ್ತದೆ.

ರೈಲಿನ ದಿಕ್ಕು ತಿಳಿಯಲು ಕೊನೆಯ ಸ್ಟೇಷನ್‌ನ ಹೆಸರು ನೋಡಿ. ಮನೆ ಹತ್ತಿರದ ಸ್ಟೇಷನ್‌ನ ಹೆಸರನ್ನು ಒಂದು ಚೀಟಿಯಲ್ಲಿ ಬರೆಸಿ ಜೇಬಿನಲ್ಲಿಡಿ, ಮೊಬೈಲ್ ಚಾರ್ಜ್ ಮುಗಿದರೂ ಯಾರಿಗಾದರೂ ತೋರಿಸಬಹುದು.

ಮೊದಲ ಸುತ್ತಾಟಕ್ಕೆ 100 ನಂಬರಿನ ಬಸ್ ಹತ್ತಿ. ಮೃಗಾಲಯದ ಹತ್ತಿರದಿಂದ ಅಲೆಕ್ಸಾಂಡರ್‌ಪ್ಲಾಟ್ಸ್ ಎಂಬ ಚೌಕದವರೆಗೆ ಹೋಗುತ್ತದೆ, ದಾರಿಯಲ್ಲೇ ಸಂಸತ್ ಭವನ ಕಾಣುತ್ತದೆ. ಡಬಲ್ ಡೆಕರ್ ಸಿಕ್ಕಿದರೆ ಮಾಳಿಗೆಯ ಮುಂದಿನ ಸೀಟು ಹಿಡಿಯಿರಿ.