ಗಾಳಿ ಕಂಡರೆ ಪಂದ್ಯ ಕಾಣುತ್ತದೆ

ಓದುಗರ ಪ್ರಶ್ನೆ, ನಮ್ಮ ಉತ್ತರ. ಈ ಸಲ ಹಾಯಿದೋಣಿ ಪಂದ್ಯಗಳನ್ನು ನೋಡುವ ಬಗ್ಗೆ ಬಂದ ಪತ್ರಗಳು.

ಪ್ರಶ್ನೆ: ಡಿಸೆಂಬರ್‌ನಲ್ಲಿ ಸಿಡ್ನಿಗೆ, ಮಗಳ ಮನೆಗೆ ಹೋಗುತ್ತಿದ್ದೇವೆ. ಕ್ರಿಸ್‌ಮಸ್ ಮರುದಿನ ಅಲ್ಲಿ ದೊಡ್ಡ ಹಾಯಿದೋಣಿ ರೇಸ್ ಹೊರಡುತ್ತದಂತೆ. ಈ ಆಟದ ಗಂಧಗಾಳಿ ನಮಗಿಲ್ಲ. ಹೋದರೆ ಏನಾದರೂ ಅರ್ಥವಾಗುತ್ತದಾ? ಎಲ್ಲಿ ನಿಲ್ಲಬೇಕು? (ಮೈಸೂರಿನ ಓದುಗರು)

ಉತ್ತರ: ಖಂಡಿತ ಹೋಗಿ. ಅದು ಸಿಡ್ನಿ–ಹೋಬಾರ್ಟ್ ರೇಸ್. ಮೊದಲ ಸಲ ನಡೆದದ್ದು 1945ರಲ್ಲಿ. ಡಿಸೆಂಬರ್ 26ರ ಮಧ್ಯಾಹ್ನ 1 ಗಂಟೆಗೆ ಸಿಡ್ನಿ ಬಂದರಿನಲ್ಲಿ ಫಿರಂಗಿ ಹಾರುತ್ತದೆ. ಅಲ್ಲಿಂದ ಕರಾವಳಿ ಹಿಡಿದು ದಕ್ಷಿಣಕ್ಕೆ ಇಳಿದು, ಬಾಸ್ ಜಲಸಂಧಿ ದಾಟಿ, ಟಾಸ್ಮೇನಿಯಾ ದ್ವೀಪದ ಹೋಬಾರ್ಟ್ ಸೇರಬೇಕು. ದೂರ 628 ನಾಟಿಕಲ್ ಮೈಲಿ, ಅಂದರೆ 1,160 ಕಿಲೋಮೀಟರ್‌ಗಿಂತ ಸ್ವಲ್ಪ ಜಾಸ್ತಿ. ದೊಡ್ಡ ದೋಣಿಗಳಿಗೆ ಎರಡು ದಿನ ಸಾಕು, ಸಣ್ಣವಕ್ಕೆ ನಾಲ್ಕೈದು ದಿನ ಬೇಕು. ಊರಲ್ಲೇ ಉಳಿದವರು ಮನೆಯಲ್ಲಿ ಕೂತು ನೋಡುವುದಾದರೆ, ನಮ್ಮ ಬೆಳಗಿನ ಏಳೂವರೆ ಹೊತ್ತಿಗೆ ಶುರು.

ಬಂದರಿನ ಬಾಯಿಯ ಎರಡು ಬದಿಗೆ ಎರಡು ಬಂಡೆಗುಡ್ಡಗಳಿವೆ, ಸೌತ್ ಹೆಡ್ ಮತ್ತು ನಾರ್ತ್ ಹೆಡ್. ನನ್ನನ್ನು ಕೇಳಿದರೆ ಸೌತ್ ಹೆಡ್. ನಗರದಿಂದ ಫೆರ್ರಿ ಹತ್ತಿ ವಾಟ್ಸನ್ಸ್ ಬೇಯಲ್ಲಿ ಇಳಿದು, ಕೆಂಪು ಬಿಳಿ ಪಟ್ಟೆಯ ದೀಪಸ್ತಂಭದವರೆಗೆ ನಡೆದು ಹೋಗಿ. ಒಳಗೆ ಹೊರಡುವ ದೋಣಿಗಳೂ ಕಾಣುತ್ತವೆ, ಹೊರಗೆ ಸಮುದ್ರಕ್ಕೆ ಬಿದ್ದು ದಕ್ಷಿಣಕ್ಕೆ ತಿರುಗುವುದೂ ಕಾಣುತ್ತದೆ. ಜನ ಕಿಕ್ಕಿರಿದಿರುತ್ತಾರೆ, ಬೆಳಿಗ್ಗೆಯೇ ಜಾಗ ಹಿಡಿಯಿರಿ. ಅಲ್ಲಿ ಆಗ ಬೇಸಿಗೆ. ಟೋಪಿ, ನೀರು, ಬುತ್ತಿ, ಒಂದು ದುರ್ಬೀನು ಜೊತೆಗಿರಲಿ.

ಒಂದು ಗಂಟೆಗೆ ಹತ್ತು ನಿಮಿಷ ಇರುವಾಗಲೇ ಕಣ್ಣು ನೆಟ್ಟಿರಬೇಕು. ಹಾಯಿದೋಣಿಗೆ ಬ್ರೇಕ್ ಇಲ್ಲ, ಹೊರಡುವ ಗೆರೆಯ ಮೇಲೆ ನಿಂತು ಕಾಯಲಾಗುವುದಿಲ್ಲ. ಎಲ್ಲರೂ ಗೆರೆಯ ಹಿಂದೆ ಸುತ್ತುತ್ತಾ, ಫಿರಂಗಿ ಹಾರುವ ಕ್ಷಣಕ್ಕೆ ಸರಿಯಾಗಿ ಪೂರ್ತಿ ವೇಗದಲ್ಲಿ ಗೆರೆ ದಾಟಬೇಕು. ಒಂದು ಸೆಕೆಂಡ್ ಮೊದಲು ದಾಟಿದರೆ ತಪ್ಪು, ಹತ್ತು ಸೆಕೆಂಡ್ ತಡವಾದರೆ ಬೇರೆಯವರ ಹಾಯಿಯ ಹಿಂದೆ ಗಾಳಿಯಿಲ್ಲದೆ ಸಿಕ್ಕಿಕೊಂಡ ಹಾಗೆ. ನೂರು ಅಡಿ ಉದ್ದದ ದೋಣಿಗಳು, ಒಂದೊಂದರಲ್ಲೂ ಇಪ್ಪತ್ತು ಜನರ ಆಸುಪಾಸು, ಇಷ್ಟು ಹತ್ತಿರದಲ್ಲಿ ಹೀಗೆ ಸುತ್ತುವುದನ್ನು ಬೇರೆಲ್ಲೂ ಕಾಣುವುದು ಕಷ್ಟ.

ಆ ಮೊದಲ ಕೆಲವು ನಿಮಿಷ ಸುಮ್ನೆ ಮೆರವಣಿಗೆ ಅಂದುಕೊಳ್ಳಬೇಡಿ. 2017ರಲ್ಲಿ ವೈಲ್ಡ್ ಓಟ್ಸ್ 11 ಎಂಬ ದೋಣಿ ಬಂದರಿನೊಳಗೇ ಕೊಮಾಂಚೆ ಎಂಬ ದೋಣಿಯ ಮುಂದೆ ತೀರಾ ಹತ್ತಿರ ತಿರುಗಿತು. ಡಿಕ್ಕಿ ಆಗಲಿಲ್ಲ. ವೈಲ್ಡ್ ಓಟ್ಸ್ ಹೋಬಾರ್ಟ್‌ಗೆ ಮೊದಲು ಬಂತು, ಕೊಮಾಂಚೆ ಬಂದದ್ದು ಸುಮಾರು 26 ನಿಮಿಷ ಬಿಟ್ಟು. ಆಮೇಲೆ ದೂರಿನ ವಿಚಾರಣೆ ನಡೆದು ವೈಲ್ಡ್ ಓಟ್ಸ್‌ಗೆ ಒಂದು ಗಂಟೆಯ ದಂಡ ಬಿತ್ತು, ಮೊದಲ ಸ್ಥಾನ ಕೊಮಾಂಚೆಗೆ ಹೋಯಿತು. 1 ದಿನ 9 ಗಂಟೆ 15 ನಿಮಿಷ 24 ಸೆಕೆಂಡ್, ಅದೇ ಹೊಸ ದಾಖಲೆಯೂ ಆಯಿತು. ಇಡೀ ರೇಸನ್ನು ತೀರ್ಮಾನಿಸಿದ ಆ ತಿರುವು ನಡೆದದ್ದು ಗುಡ್ಡದ ಮೇಲೆ ನಿಂತ ಜನರ ಕಣ್ಣೆದುರಿಗೇ.

ಪ್ರಶ್ನೆ: ಅದೇ ರೇಸಿನ ಸುದ್ದಿಯಲ್ಲಿ ಒಂದು ದಿನ ಒಬ್ಬರು ಗೆದ್ದರು ಅಂತಾರೆ, ಎರಡು ದಿನ ಬಿಟ್ಟು ಬೇರೊಬ್ಬರು ಗೆದ್ದರು ಅಂತಾರೆ. ಯಾವುದು ಸರಿ? (ಶಿವಮೊಗ್ಗದ ಓದುಗರು)

ಉತ್ತರ: ಎರಡೂ ಸರಿ. ಮೊದಲು ಗುರಿ ಮುಟ್ಟಿದವರಿಗೆ ಒಂದು ಗೌರವ. ಇನ್ನೊಂದು, ಹ್ಯಾಂಡಿಕ್ಯಾಪ್ ಲೆಕ್ಕದ ಗೆಲುವು. ಪ್ರತಿ ದೋಣಿಗೂ ಅದರ ಅಳತೆ, ತೂಕ, ಹಾಯಿಯ ವಿಸ್ತಾರ ನೋಡಿ ಒಂದು ಅಂಕಿ ಕೊಟ್ಟಿರುತ್ತಾರೆ. ತೆಗೆದುಕೊಂಡ ಸಮಯವನ್ನು ಆ ಅಂಕಿಯಿಂದ ಗುಣಿಸಬೇಕು. ದೊಡ್ಡ ದೋಣಿಯ ಅಂಕಿ 1.8, ಅದು 40 ಗಂಟೆಯಲ್ಲಿ ಬಂತು ಅಂದುಕೊಳ್ಳಿ, ಲೆಕ್ಕಕ್ಕೆ 72 ಗಂಟೆ. ಸಣ್ಣ ದೋಣಿಯ ಅಂಕಿ 1, ಅದು 70 ಗಂಟೆಯಲ್ಲಿ ಬಂತು. ಗೆದ್ದದ್ದು ಸಣ್ಣದು. ದೋಣಿಯವರ ಮಟ್ಟಿಗೆ ಈ ಎರಡನೆಯದೇ ಮುಖ್ಯ ಟ್ರೋಫಿ.

ಹಾಗಂತ ಮೊದಲು ಮುಟ್ಟುವ ಪೈಪೋಟಿ ಕಡಿಮೆಯದೇನಲ್ಲ. 2023ರಲ್ಲಿ ಲಾಕನೆಕ್ಟ್ ದೋಣಿ ಕೊಮಾಂಚೆಯನ್ನು ಸೋಲಿಸಿದ್ದು ಕೇವಲ 51 ಸೆಕೆಂಡ್‌ನಿಂದ. 628 ಮೈಲಿ ಓಡಿ 51 ಸೆಕೆಂಡ್! ಹೋಬಾರ್ಟ್‌ನ ಡರ್ವೆಂಟ್ ನದಿಯೊಳಗೆ ಬಂದ ಮೇಲೆ ಗಾಳಿ ಸತ್ತುಹೋಗುವುದು ಮಾಮೂಲು. ಸಮುದ್ರದಲ್ಲಿ ಗಳಿಸಿದ್ದೆಲ್ಲ ಆ ಕೊನೆಯ ಕೆಲವು ಮೈಲಿಯಲ್ಲಿ ಕರಗಿಬಿಡಬಹುದು. ನಮ್ಮಲ್ಲಿ ಗಾಳಿ ಬಂದಾಗ ತೂರಿಕೋ ಅನ್ನುತ್ತಾರಲ್ವಾ, ಅಲ್ಲಿ ಆ ಮಾತು ಅಕ್ಷರಶಃ ನಿಜ.

ಪ್ರಶ್ನೆ: ಟಿವಿಯಲ್ಲಿ ನೋಡಿದೆ. ಒಂದು ದೋಣಿ ಎಡಕ್ಕೆ, ಒಂದು ಬಲಕ್ಕೆ. ಗುರಿ ಎದುರಿಗೇ ಇದ್ದರೂ ಯಾರೂ ನೇರ ಹೋಗುವುದಿಲ್ಲ. ಯಾರು ಮುಂದೆ ಅಂತ ಹೇಗೆ ತಿಳಿಯುವುದು? (ಧಾರವಾಡದ ಓದುಗರು)

ಉತ್ತರ: ಈ ಒಂದು ಪ್ರಶ್ನೆಗೆ ಉತ್ತರ ಸಿಕ್ಕರೆ ಇಡೀ ಆಟ ಬಿಚ್ಚಿಕೊಳ್ಳುತ್ತದೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಹಾಯಿದೋಣಿ ಗಾಳಿ ಬೀಸಿ ಬರುವ ದಿಕ್ಕಿಗೇ ನೇರ ಹೋಗಲಾರದು. ಅದಕ್ಕೆ ಸುಮಾರು 45 ಡಿಗ್ರಿ ಓರೆಯಾಗಿ ಹೋಗಬಲ್ಲದು, ಅಷ್ಟೇ. ಗುರಿ ಗಾಳಿಯ ಕಡೆಗೇ ಇದ್ದರೆ ಸ್ವಲ್ಪ ದೂರ ಎಡಕ್ಕೆ ಓರೆ, ಆಮೇಲೆ ತಿರುಗಿ ಬಲಕ್ಕೆ ಓರೆ. ಆ ತಿರುವಿಗೆ ಟ್ಯಾಕ್ ಅನ್ನುತ್ತಾರೆ.

ಆಗುಂಬೆ ಘಾಟಿ ಹತ್ತುವ ಬಸ್ಸುಗಳನ್ನು ನೆನೆಸಿಕೊಳ್ಳಿ. ಒಂದು ಬಸ್ಸು ಎಡಕ್ಕೆ ಹೋಗುತ್ತಿದೆ, ಇನ್ನೊಂದು ಬಲಕ್ಕೆ. ಯಾವುದು ಮುಂದೆ? ಯಾವುದು ಜಾಸ್ತಿ ಎತ್ತರದಲ್ಲಿದೆಯೋ ಅದು. ಎಡವೋ ಬಲವೋ ಅನ್ನುವುದು ಲೆಕ್ಕಕ್ಕೇ ಬರುವುದಿಲ್ಲ. ದೋಣಿಗೂ ಹಾಗೇ. ಗಾಳಿ ಬರುವ ಕಡೆ ಬೆಟ್ಟದ ತುದಿ, ಗಾಳಿ ಹೋಗುವ ಕಡೆ ಬುಡ. ಟಿವಿಯಲ್ಲಿ ನೀರಿನ ಮೇಲೆ ಅಡ್ಡಡ್ಡ ಗೆರೆ ಎಳೆದು ತೋರಿಸುತ್ತಾರಲ್ಲ, ಅವೇ ಆ ಬೆಟ್ಟದ ಮೆಟ್ಟಿಲುಗಳು. ಮೇಲಿನ ಮೆಟ್ಟಿಲಲ್ಲಿ ಇರುವವರು ಮುಂದೆ.

ಈಗ ನಿಜವಾದ ಮಜಾ. ಆಗುಂಬೆ ಬೆಟ್ಟ ಅಲುಗುವುದಿಲ್ಲ, ಗಾಳಿಯ ಬೆಟ್ಟ ಅಲುಗುತ್ತದೆ. ಗಾಳಿ ಹತ್ತು ಡಿಗ್ರಿ ಬಲಕ್ಕೆ ಸರಿಯಿತು ಅಂದರೆ ಇಡೀ ಬೆಟ್ಟ ಓರೆಯಾದ ಹಾಗೆ. ಬಲಗಡೆ ಇದ್ದ ದೋಣಿ ಕೂತಲ್ಲೇ ಮೇಲೇರುತ್ತದೆ, ಎಡಗಡೆ ಇದ್ದದ್ದು ಏನೂ ತಪ್ಪು ಮಾಡದೆ ಕೆಳಗೆ ಬೀಳುತ್ತದೆ. ಅದಕ್ಕೇ ಒಬ್ಬೊಬ್ಬರು ಒಂದೊಂದು ಕಡೆ ಹೋಗುವುದು. ಗಾಳಿ ಯಾವ ಕಡೆ ಸರಿಯಬಹುದು ಅಂತ ಪ್ರತಿಯೊಬ್ಬರೂ ಒಂದು ಅಂದಾಜು ಮಾಡಿಕೊಂಡು ಅದರ ಮೇಲೆ ಬಾಜಿ ಕಟ್ಟಿರುತ್ತಾರೆ. ಮುಂದಿರುವವರು ಹಿಂದಿನವರನ್ನು ಒಬ್ಬರೇ ಒಂದು ಕಡೆ ಹೋಗಲು ಬಿಡುವುದಿಲ್ಲ. ಅವರು ತಿರುಗಿದರೆ ಇವರೂ ತಿರುಗುತ್ತಾರೆ. ಅದು ಅನುಕರಣೆಯಲ್ಲ, ಕಾವಲು.

ಗಾಳಿ ಕಣ್ಣಿಗೆ ಕಾಣುತ್ತದಾ? ಕಾಣುತ್ತದೆ. ಭತ್ತದ ಗದ್ದೆಯ ಮೇಲೆ ಗಾಳಿ ಹಾದುಹೋಗುವುದನ್ನು ನೋಡಿದ್ದೀರಲ್ವಾ, ಪೈರು ಬಾಗುತ್ತಾ ಒಂದು ಗೆರೆ ಓಡಿಬರುತ್ತದೆ. ನೀರಿನ ಮೇಲೂ ಹಾಗೆಯೇ. ಗಾಳಿ ಜೋರಾದ ಕಡೆ ನೀರು ಕಪ್ಪಗೆ, ತರಿತರಿಯಾಗಿ ಕಾಣುತ್ತದೆ. ಗಾಳಿ ಇಲ್ಲದ ಕಡೆ ಎಣ್ಣೆ ಸವರಿದ ಹಾಗೆ ನುಣ್ಣಗೆ ಹೊಳೆಯುತ್ತದೆ. ಆ ಕಪ್ಪು ಮಚ್ಚೆ ಯಾವ ದೋಣಿಯ ಕಡೆ ಹೊರಟಿದೆ ನೋಡಿ. ಮುಂದಿನ ಎರಡು ನಿಮಿಷದಲ್ಲಿ ಯಾರು ಮೇಲೇರುತ್ತಾರೆ ಅಂತ ನೀವೇ ಹೇಳಬಲ್ಲಿರಿ. ಹೀಗೆ ಊಹಿಸಿ ಒಂದು ಸಲ ನಿಜವಾದರೆ ಸಾಕು, ಆಮೇಲೆ ಈ ಆಟ ನಿಮ್ಮನ್ನು ಬಿಡುವುದಿಲ್ಲ. ನನಗಂತೂ ಹಾಗೇ ಆಯಿತು.

ಇನ್ನೊಂದು ವಿಷಯ. ಎರಡು ದೋಣಿ ಎದುರುಬದುರು ಬಂದರೆ, ಯಾರಿಗೆ ಗಾಳಿ ಬಲಬದಿಯಿಂದ ಬರುತ್ತಿದೆಯೋ ಅವರಿಗೆ ದಾರಿ. ಇನ್ನೊಬ್ಬರು ಬಿಡಬೇಕು. ತಪ್ಪು ಮಾಡಿದವರು ಅಲ್ಲೇ ಗಿರಗಿರ ಸುತ್ತು ಹಾಕಿ ದಂಡ ತೀರಿಸುತ್ತಾರೆ. ಸಾಮಾನ್ಯ ಪಂದ್ಯಗಳಲ್ಲಿ ಪ್ರತಿ ದೋಣಿಯ ಬೆನ್ನಿಗೂ ರೆಫರಿ ಇರುವುದಿಲ್ಲ. ತನ್ನ ತಪ್ಪನ್ನು ತಾನೇ ಒಪ್ಪಿಕೊಂಡು ಸುತ್ತು ಹಾಕುವ ದೋಣಿಯನ್ನು ಕಂಡರೆ ನನಗೆ ಇವತ್ತಿಗೂ ತುಂಬಾ ಗೌರವ.

ಪ್ರಶ್ನೆ: ಮನೆಯಲ್ಲೇ ನೋಡಲು ಮೊದಲು ಯಾವುದನ್ನು ಆರಿಸಲಿ? (ಹಾಸನದ ಓದುಗರು)

ಉತ್ತರ: 2024ರಲ್ಲಿ ಬಾರ್ಸಿಲೋನಾದಲ್ಲಿ ನಡೆದ ಅಮೆರಿಕಾಸ್ ಕಪ್ ಫೈನಲ್. ಯೂಟ್ಯೂಬ್‌ನಲ್ಲಿದೆ. ಎರಡೇ ದೋಣಿ, ಅರ್ಧ ಗಂಟೆಯೊಳಗೆ ಒಂದು ರೇಸ್ ಮುಗಿಯುತ್ತದೆ. ನ್ಯೂಜಿಲೆಂಡ್ ತಂಡ ಬ್ರಿಟನ್ ತಂಡವನ್ನು 7–2ರಿಂದ ಸೋಲಿಸಿತು. ದೋಣಿಗಳು ನೀರೊಳಗಿನ ರೆಕ್ಕೆಗಳ ಮೇಲೆ ಎದ್ದು ಹಾರುತ್ತವೆ. ಮೆಟ್ಟಿಲು ಗೆರೆಗಳನ್ನೆಲ್ಲ ಪರದೆಯ ಮೇಲೆ ತೋರಿಸುತ್ತಾರೆ, ಕಲಿಯಲು ಇದಕ್ಕಿಂತ ಸುಲಭದ್ದು ಇಲ್ಲ.

ಪ್ರಶ್ನೆ: ಪ್ರಪಂಚ ಸುತ್ತುವ ರೇಸುಗಳಲ್ಲಿ ತಿಂಗಳುಗಟ್ಟಲೆ ಮ್ಯಾಪಿನ ಮೇಲೆ ಚುಕ್ಕಿ ಮಾತ್ರ ಕಾಣುತ್ತದೆ. ಅದರಲ್ಲಿ ನೋಡುವುದಕ್ಕೆ ಏನಿದೆ? (ಬೆಂಗಳೂರಿನ ಓದುಗರು)

ಉತ್ತರ: ಒಂದೊಂದು ಚುಕ್ಕಿಯಲ್ಲೂ ಒಬ್ಬ ಮನುಷ್ಯ ಇರುತ್ತಾನೆ ಅನ್ನುವುದನ್ನು ಮರೆಯದಿದ್ದರೆ ತುಂಬಾ ಇದೆ.

ನಾಲ್ಕು ವರ್ಷಕ್ಕೊಮ್ಮೆ ಫ್ರಾನ್ಸಿನ ಲೆ ಸಾಬ್ಲ್ ದೊಲೊನ್ ಊರಿನಿಂದ ವಾಂದೇ ಗ್ಲೋಬ್ ಹೊರಡುತ್ತದೆ. ಒಬ್ಬರೇ, ಎಲ್ಲೂ ನಿಲ್ಲದೆ, ಯಾರ ಸಹಾಯವೂ ಇಲ್ಲದೆ ಭೂಮಿ ಸುತ್ತಬೇಕು. 1989ರ ಮೊದಲ ರೇಸಿನಲ್ಲಿ ಗೆದ್ದವರಿಗೆ 109 ದಿನ ಬೇಕಾಯಿತು. 2024ರ ನವೆಂಬರ್‌ನಲ್ಲಿ 40 ಜನ ಹೊರಟರು. ಗೆದ್ದ ಶಾರ್ಲಿ ದಾಲನ್ 64 ದಿನ 19 ಗಂಟೆಯಲ್ಲಿ ವಾಪಸ್ ಬಂದರು.

ಇದನ್ನು ನೋಡುವಾಗ ಪಕ್ಕದಲ್ಲಿ ಗಾಳಿಯ ಮ್ಯಾಪ್ ತೆರೆದಿಟ್ಟುಕೊಳ್ಳಿ. ವಿಂಡಿ (Windy) ಎಂಬ ವೆಬ್‌ಸೈಟ್ ಸಾಕು. ರೇಸಿನ ಪಟ್ಟಿಯಲ್ಲಿ ಸ್ಥಾನ ಕೊಡುವುದು ಉಳಿದ ದೂರ ನೋಡಿ, ಅದನ್ನು ಪೂರ್ತಿ ನಂಬಬೇಡಿ. ದಕ್ಷಿಣ ಅಟ್ಲಾಂಟಿಕ್‌ನಲ್ಲಿ ಸೇಂಟ್ ಹೆಲೆನಾ ಹೆಸರಿನ, ಗಾಳಿಯ ಒತ್ತಡ ಹೆಚ್ಚಿರುವ ದೊಡ್ಡ ವಲಯವಿದೆ, ಅದರ ನಡುವೆ ಗಾಳಿಯೇ ಇರುವುದಿಲ್ಲ. ಆಫ್ರಿಕಾದ ತುದಿಗೆ ಹತ್ತಿರದ ದಾರಿ ಅದರ ಮಧ್ಯದಿಂದಲೇ ಹಾದುಹೋಗುತ್ತದೆ. ಹಾಗಾಗಿ ಜಾಣರು ಬ್ರೆಜಿಲ್ ಕಡೆಯಿಂದ ಬಳಸಿಕೊಂಡು ಹೋಗುತ್ತಾರೆ. ಪಟ್ಟಿಯಲ್ಲಿ ಹಿಂದೆ ಬಿದ್ದ ಹಾಗೆ ಕಾಣುತ್ತಾರೆ, ಮೂರು ದಿನ ಬಿಟ್ಟು ನೋಡಿದರೆ ಮುಂದಿರುತ್ತಾರೆ.

2020ರ ರೇಸಿನಲ್ಲಿ ಕೆವಿನ್ ಎಸ್ಕೋಫಿಯೇ ಅವರ ದೋಣಿ ದಕ್ಷಿಣ ಆಫ್ರಿಕಾದ ಕೆಳಗಿನ ಸಮುದ್ರದಲ್ಲಿ ಮುರಿದು ಮುಳುಗಿತು. ಹತ್ತಿರವಿದ್ದ ಸ್ಪರ್ಧಿಗಳು ರೇಸ್ ಬಿಟ್ಟು ಹುಡುಕಲು ಹೊರಟರು. ಅವರಲ್ಲಿ ಹಿರಿಯರಾದ ಜ್ಯಾನ್ ಲೆ ಕಾಮ್ ಅವರಿಗೆ ಕತ್ತಲಲ್ಲಿ ಎಸ್ಕೋಫಿಯೇ ಸಿಕ್ಕರು. ಹುಡುಕಲು ಹೋದವರಿಗೆ ಕಳೆದುಕೊಂಡ ಸಮಯವನ್ನು ವಾಪಸ್ ಕೊಟ್ಟರು. ಎರಡು ತಿಂಗಳ ನಂತರ ಗುರಿ ಮೊದಲು ಮುಟ್ಟಿದವರು ದಾಲನ್. ಆದರೆ ಹುಡುಕಾಟಕ್ಕೆ ಹೋಗಿದ್ದ ಯಾನಿಕ್ ಬೆಸ್ತಾವೆನ್ ಅವರಿಗೆ 10 ಗಂಟೆ 15 ನಿಮಿಷ ಸಿಕ್ಕಿತ್ತು, ಗೆದ್ದವರು ಅವರು. ಆ ರಾತ್ರಿ ನಾನು ನಿದ್ದೆ ಬಿಟ್ಟು ಚುಕ್ಕಿ ನೋಡುತ್ತಾ ಕೂತಿದ್ದೆ.

ನಮ್ಮವರ ಚುಕ್ಕಿಯೂ ಒಂದಿತ್ತು. ಗೋಲ್ಡನ್ ಗ್ಲೋಬ್ ಕೂಡ ಒಬ್ಬರೇ ಭೂಮಿ ಸುತ್ತುವ ರೇಸ್, ಆದರೆ ಅದರಲ್ಲಿ ಜಿಪಿಎಸ್ ಬಳಸುವಂತಿಲ್ಲ, ಸೂರ್ಯ ನಕ್ಷತ್ರ ನೋಡಿ ದಾರಿ ಹುಡುಕಬೇಕು. 1968ರ ಮೂಲ ರೇಸಿನಲ್ಲಿ ಹೊರಟ ಒಂಬತ್ತು ಜನರಲ್ಲಿ ಮುಗಿಸಿದವರು ರಾಬಿನ್ ನಾಕ್ಸ್-ಜಾನ್‌ಸ್ಟನ್ ಒಬ್ಬರೇ. ಅವರ ಸುಹೈಲಿ ದೋಣಿ ಕಟ್ಟಿದ್ದು ಮುಂಬೈಯಲ್ಲಿ. ಅದರದೇ ಮಾದರಿಯಲ್ಲಿ ಗೋವಾದಲ್ಲಿ ಕಟ್ಟಿದ ತುರಿಯಾದಲ್ಲಿ ನೌಕಾಪಡೆಯ ಅಭಿಲಾಷ್ ಟಾಮಿ 2018ರಲ್ಲಿ ಹೊರಟರು. ಸೆಪ್ಟೆಂಬರ್‌ನಲ್ಲಿ ಹಿಂದೂ ಮಹಾಸಾಗರದ ಬಿರುಗಾಳಿಗೆ ದೋಣಿ ಮಗುಚಿ ಹಾಯಿ ಕಟ್ಟುವ ಕೂವೆಕಂಬ ಮುರಿಯಿತು, ಅವರ ಬೆನ್ನುಮೂಳೆಗೆ ಭಾರಿ ಪೆಟ್ಟಾಯಿತು. ಮೇಲೇಳಲೂ ಆಗದೆ ಮೂರು ದಿನ ಬಿದ್ದಿದ್ದವರನ್ನು ಫ್ರೆಂಚ್ ಹಡಗೊಂದು ಕಾಪಾಡಿತು.

ಅದೇ ಮನುಷ್ಯ ಬೆನ್ನಲ್ಲಿ ಟೈಟಾನಿಯಂ ಸರಳು ಇಟ್ಟುಕೊಂಡು 2022ರಲ್ಲಿ ಮತ್ತೆ ಹೊರಟರು. 236 ದಿನಗಳ ನಂತರ, 2023ರ ಏಪ್ರಿಲ್ 29ರಂದು ಎರಡನೆಯವರಾಗಿ ದಡ ಸೇರಿದರು. ಎರಡು ದಿನ ಮೊದಲು ಗೆದ್ದ ದಕ್ಷಿಣ ಆಫ್ರಿಕಾದ ಕರ್ಸ್ಟನ್ ನಾಯ್‌ಶೇಫರ್, ಒಬ್ಬರೇ ಭೂಮಿ ಸುತ್ತುವ ರೇಸ್ ಗೆದ್ದ ಮೊದಲ ಮಹಿಳೆ. ಮನೆಯಲ್ಲಿದ್ದ ನಮಗೆ ಇಬ್ಬರ ಚುಕ್ಕಿಯೂ ಕಾಣುತ್ತಿತ್ತು, ಅವರಿಗೆ ಒಬ್ಬರದು ಇನ್ನೊಬ್ಬರಿಗೆ ಕಾಣುತ್ತಿರಲಿಲ್ಲ. ಕೊನೆಯ ವಾರ ಅಟ್ಲಾಂಟಿಕ್‌ನಲ್ಲಿ ಗಾಳಿ ಕಡಿಮೆಯಾಗಿ ಇಬ್ಬರೂ ತೆವಳುತ್ತಿದ್ದಾಗ, ಯಾರು ಮುಂದಿದ್ದಾರೆ ಅಂತ ಕೂಗಿ ಹೇಳಬೇಕು ಅನ್ನಿಸುತ್ತಿತ್ತು.

ಪ್ರಶ್ನೆ: ಒಲಿಂಪಿಕ್ಸ್‌ನಲ್ಲಿ ನಮ್ಮವರು ಯಾರಾದರೂ ಇದ್ದಾರಾ? ವಿದೇಶಕ್ಕೆ ಹೋಗದೆ ಕಣ್ಣಾರೆ ನೋಡಬಹುದಾದ ಜಾಗ ಹೇಳಿ. (ಮಡಿಕೇರಿಯ ಓದುಗರು)

ಉತ್ತರ: ಇದ್ದಾರೆ, ನಿಮ್ಮ ಕೊಡಗಿನ ಮನೆತನದ ಹೆಸರೇ ಇದೆ. ಕೇಳಪಂಡ ಚೆಂಗಪ್ಪ ಗಣಪತಿ, ಚೆನ್ನೈಯಲ್ಲಿ ಪಳಗಿದವರು. ವರುಣ್ ಠಕ್ಕರ್ ಜೊತೆ 2018ರ ಏಷ್ಯನ್ ಗೇಮ್ಸ್‌ನಲ್ಲಿ ಕಂಚು ಗೆದ್ದು, ಟೋಕಿಯೊ ಒಲಿಂಪಿಕ್ಸ್‌ಗೂ ಹೋದರು. ಇಬ್ಬರೇ ನಡೆಸುವ ಫಾರ್ಟಿನೈನರ್ (49er) ಎಂಬ ಚುರುಕು ದೋಣಿ ಅವರದು. ಅದೇ ಟೋಕಿಯೊಗೆ ಅರ್ಹತೆ ಪಡೆದ ನೇತ್ರಾ ಕುಮನನ್, ಒಲಿಂಪಿಕ್ಸ್‌ಗೆ ಹೋದ ಭಾರತದ ಮೊದಲ ಮಹಿಳಾ ಸೈಲರ್. ಒಲಿಂಪಿಕ್ಸ್ ನೋಡುವಾಗ ಇಷ್ಟು ನೆನಪಿಡಿ: ಮೊದಲು ಬಂದವರಿಗೆ ಒಂದು ಅಂಕ, ಎರಡನೆಯವರಿಗೆ ಎರಡು. ಕಡಿಮೆ ಅಂಕ ಇದ್ದವರು ಮುಂದೆ.

ಕಣ್ಣಾರೆ ನೋಡಲು ಹೈದರಾಬಾದ್‌ಗೆ ಹೋಗಿ. ಮಳೆಗಾಲದಲ್ಲಿ, ಜುಲೈ ಆಸುಪಾಸಿನಲ್ಲಿ, ಹುಸೇನ್ ಸಾಗರದಲ್ಲಿ ಪಂದ್ಯ ನಡೆಯುತ್ತವೆ. ದಿನಾಂಕ ಮೊದಲೇ ವಿಚಾರಿಸಿಕೊಳ್ಳಿ. ನಾನು ಗಾಳಿ ನೋಡಲು ಕಲಿತದ್ದು ಅಲ್ಲೇ, ಟ್ಯಾಂಕ್ ಬಂಡ್ ಮೇಲೆ ನಿಂತು. ಸುತ್ತ ಕಟ್ಟಡಗಳಿರುವುದರಿಂದ ಗಾಳಿ ಘಳಿಗೆಗೊಂದು ದಿಕ್ಕಿಗೆ ತಿರುಗುತ್ತದೆ, ಮುಂದಿದ್ದವರು ಹಿಂದಾಗುತ್ತಾರೆ, ಹಿಂದಿದ್ದವರು ಮುಂದಾಗುತ್ತಾರೆ. ಪಕ್ಕದಲ್ಲಿ ಒಬ್ಬ ಹುಡುಗಿಯ ಅಪ್ಪ ನಿಂತಿದ್ದರು. ಮಗಳ ದೋಣಿಯ ಕಡೆ ಅವರು ನೋಡುತ್ತಲೇ ಇರಲಿಲ್ಲ. ಕೆರೆಯ ಆಚೆ ದಡದಿಂದ ಹೊರಟ ಒಂದು ಕಪ್ಪು ಮಚ್ಚೆಯನ್ನು ಕೈ ತೋರಿಸಿ, "ಅದು ಅವಳಿಗೆ ಸಿಗುತ್ತೆ" ಅಂದರು. ಸಿಕ್ಕಿತು.