ನೌಕರರು ಕರೆತಂದವರು ಯಾರ ಜನ?

ಪ್ರಶ್ನೆ: ನಾನು ಮಡಿಕೇರಿ ಸಮೀಪದ ರೆಸಾರ್ಟೊಂದರ ವ್ಯವಸ್ಥಾಪಕ. ನಮ್ಮ ನೌಕರರು ಹೇಳಿದವರನ್ನೇ ಕೆಲಸಕ್ಕೆ ತೆಗೆದುಕೊಳ್ಳುವುದು ರೂಢಿ. ಕಳೆದ ಡಿಸೆಂಬರಿನಲ್ಲಿ ಹಿರಿಯ ಬಾಣಸಿಗರು ಮುನಿಸಿಕೊಂಡು ಹೊರಟಾಗ, ಅವರು ಕರೆತಂದಿದ್ದ ನಾಲ್ವರೂ ಅದೇ ದಿನ ಹೊರಟುಹೋದರು. ಆ ನಾಲ್ವರ ರಜೆ, ಸಂಬಳದ ಮಾತುಕತೆಯೆಲ್ಲ ಬಾಣಸಿಗರ ಮೂಲಕವೇ ನಡೆಯುತ್ತಿತ್ತು. ಈ ರೂಢಿಯನ್ನು ಕೈಬಿಡಬೇಕೇ?

ಉತ್ತರ: ಕೈಬಿಡಬೇಡಿ. ಜೂನ್ ತಿಂಗಳಿಂದ ಬಿಡದೆ ಹಿಡಿಯುವ ಮಳೆ, ಆಗಾಗ ಹೋಗುವ ಕರೆಂಟು, ರಾತ್ರಿ ಪಾಳಿ ಮುಗಿದ ಮೇಲೆ ಬಸ್ಸಿಲ್ಲದ ದಾರಿ, ಇವನ್ನು ಯಾವ ಜಾಹೀರಾತೂ ಹೇಳುವುದಿಲ್ಲ. ಒಳಗೆ ದುಡಿಯುತ್ತಿರುವವರು ಹೇಳುತ್ತಾರೆ. ಎಲ್ಲವನ್ನೂ ಕೇಳಿ ತಿಳಿದೇ ಬಂದವರು ಮೊದಲ ಮಳೆಗಾಲಕ್ಕೇ ಬಿಟ್ಟುಹೋಗುವ ಸಂಭವ ಕಡಿಮೆ. ಕರೆತಂದವರೂ ತಮ್ಮ ಹೆಸರು ಕೆಡದಿರಲೆಂದು ಹೊಸಬರನ್ನು ತಿದ್ದುತ್ತಾರೆ.

ನಿಮ್ಮಲ್ಲಿ ಕೆಟ್ಟದ್ದು ಅನಂತರದ ವ್ಯವಹಾರ. ಕೊಡಗಿನ ತೋಟಗಳಲ್ಲಿ ಆಳುಗಳನ್ನು ಕರೆತರುವ ಮೇಸ್ತ್ರಿಯ ಮಾತಿನ ಮೇಲೆ ಬಂದು ಲೈನ್ ಮನೆ (ತೋಟದ ಕೂಲಿಕಾರರ ಸಾಲುಮನೆ) ಸೇರಿದವರು, ಮೇಸ್ತ್ರಿಗೂ ಮಾಲೀಕರಿಗೂ ಮನಸ್ತಾಪವಾದರೆ ಕಾಫಿ ಕೊಯ್ಲಿನ ನಡುವೆಯೇ ಗಂಟುಮೂಟೆ ಕಟ್ಟುವುದುಂಟು. ನಿಮ್ಮ ಅಡುಗೆಮನೆಯಲ್ಲೂ ಆ ನಾಲ್ವರು ಬಾಣಸಿಗರ ಜನರಾಗಿಯೇ ಉಳಿದರು.

ಇನ್ನು ಮುಂದೆ ನೌಕರರನ್ನು 'ನಿಮ್ಮ ಕಡೆಯವರು ಯಾರಾದರೂ ಇದ್ದಾರೆಯೇ' ಎಂದು ಕೇಳದೆ, 'ಹಿಂದೆ ನಿಮ್ಮ ಜೊತೆ ದುಡಿದವರಲ್ಲಿ ಈ ಕೆಲಸ ಬಲ್ಲವರು ಯಾರು' ಎಂದು ಕೇಳಿ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟ್ಟರ್ ಅವರು ಬಾಸ್ಟನ್ ಹತ್ತಿರದ ನ್ಯೂಟನ್ನಿನಲ್ಲಿ, ಪರಿಚಿತರ ಮೂಲಕ ಹೊಸ ಕೆಲಸ ಹಿಡಿದ ವೃತ್ತಿಪರರನ್ನು ವಿಚಾರಿಸಿದಾಗ, ದಾರಿ ತೋರಿಸಿದವರಲ್ಲಿ ನಿತ್ಯದ ಒಡನಾಡಿಗಳಿಗಿಂತ ಆಗೊಮ್ಮೆ ಈಗೊಮ್ಮೆ ಸಿಗುವವರೇ ಹೆಚ್ಚಿದ್ದರೆಂದು 1973ರಲ್ಲಿ ಪ್ರಕಟಿಸಿದರು. ಹತ್ತಿರದ ನೆಂಟರಿಗೆ ನಮಗೆ ಗೊತ್ತಿರುವಷ್ಟೇ ಗೊತ್ತಿರುತ್ತದೆ. ದೂರದ ಪರಿಚಯದವರಿಂದ ಬೇರೆ ಸುದ್ದಿ, ಬೇರೆ ಜನ ಸಿಗುತ್ತಾರೆ.

ಖಾಲಿ ಹುದ್ದೆಯ ಸುದ್ದಿ ಕುಶಾಲನಗರ, ವಿರಾಜಪೇಟೆಗಳಲ್ಲೂ ತಿಳಿಯಲಿ. ಪರಿಚಯವಿಲ್ಲದ ಬಡ ಹುಡುಗನಿಗೂ ಬಾಗಿಲು ತೆರೆದಿರಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಬಂದವರೆಲ್ಲರಿಂದಲೂ ಒಂದೇ ಅಡುಗೆ ಮಾಡಿಸಿ; ಅಕ್ಕಿತರಿ ಕೊಟ್ಟು ಕಡಂಬುಟ್ಟು (ಹಬೆಯಲ್ಲಿ ಬೇಯಿಸುವ ಕೊಡಗಿನ ಉಂಡೆ) ಕಟ್ಟಿಸಿದರೂ ಕೈಹದ ತಿಳಿಯುತ್ತದೆ. ಹೆಸರು ಹೇಳಿದ ನೌಕರರು ಆಗ ಅಲ್ಲಿರಬಾರದು. ಅವರಿಗೆ ಬಹುಮಾನ ಕೊಡುವುದಾದರೆ ಹೊಸಬರು ಆರು ತಿಂಗಳು ನಿಂತ ಮೇಲೆ ಕೊಡಿ. ಅಭ್ಯರ್ಥಿಯಿಂದ ಅವರು ಒಂದು ರೂಪಾಯಿ ಪಡೆದರೂ ಕ್ಷಮಿಸಬೇಡಿ. ನೇಮಕಾತಿ ಪತ್ರ, ಸಂಬಳ, ರಜೆ ಎಲ್ಲವೂ ನಿಮ್ಮಿಂದ ನೇರವಾಗಿ ಆ ವ್ಯಕ್ತಿಗೇ ತಲುಪಲಿ.

ಹೋದ ನಾಲ್ವರಿಗೂ ನೀವೇ ಒಮ್ಮೆ ಫೋನ್ ಮಾಡಿ, ಒಬ್ಬೊಬ್ಬರೊಂದಿಗೂ ಬೇರೆ ಬೇರೆಯಾಗಿ ಮಾತನಾಡಿ ನೋಡಿ.